ಮಿಕ್ಸಿ ಕೆಟ್ಟಾಗ: ಮನೆಯಲ್ಲೇ ಬಿಚ್ಚಬೇಕೋ, ಅಂಗಡಿಗೆ ಒಯ್ಯಬೇಕೋ, ಹೊಸದು ತರಬೇಕೋ?

ಎಳ್ಳಮಾವಾಸ್ಯೆಯ ಹಿಂದಿನ ದಿನ ನಮ್ಮ ಮನೆಯ ಮಿಕ್ಸಿ ನಿಂತಿತು. ಶೇಂಗಾ ಹೋಳಿಗೆಗೆ ಹುರಿದ ಶೇಂಗಾ, ಎಳ್ಳು, ಬೆಲ್ಲ ಕೂಡಿಸಿ ಪುಡಿ ಮಾಡುತ್ತಿದ್ದೆ. ನಾಲ್ಕನೇ ಸಲ ಜಾರ್ ತುಂಬಿ ಗುಂಡಿ ತಿರುವಿದೆ. ಗುಂಯ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು, ಮನೆ ತುಂಬ ಬೀಗರು. ಅತ್ತೆ ಬಂದು ನೋಡಿ, "ಬಿಡವಾ, ಒಳಕಲ್ಲಾಗ ಕುಟ್ಟೋಣು" ಅಂದರು. ಇಬ್ಬರೂ ಕೂತು ಕುಟ್ಟಿದೆವು.

ಹಬ್ಬ ಮುಗಿದ ಮೇಲೆ ಆ ಮಿಕ್ಸಿ ಹಿಡಿದುಕೊಂಡು ಕಲಬುರಗಿಯಲ್ಲಿ ಮೂರು ಕಡೆ ತಿರುಗಿದೆ. ಮೊದಲನೆಯವರು ಬಿಚ್ಚದೆಯೇ "ಆರ್ಮೇಚರ್ ಸುಟ್ಟಿದೆ, 1,400 ರೂಪಾಯಿ ಆಗುತ್ತೆ" ಅಂದರು. ಎರಡನೆಯವರು "ಇದು ಹಳೇದಾಯ್ತು, ಹೊಸದು ತಗೊಳ್ಳಿ" ಅಂದರು. ಮೂರನೆಯದು ಸೂಪರ್ ಮಾರ್ಕೆಟ್ ಹತ್ತಿರದ ಒಂದು ಸಣ್ಣ ಅಂಗಡಿ. ಅಲ್ಲಿಯ ಭಾಯಿ ನನ್ನ ಎದುರೇ ತಳ ಬಿಚ್ಚಿ, ಪೆನ್ಸಿಲ್ ತುಂಡಿನಂತಹ ಒಂದು ಕರಿ ಚೂರನ್ನು ಹೊರಗೆ ತೆಗೆದು ಅಂಗೈ ಮೇಲಿಟ್ಟರು. "ನೋಡ್ರಿ ಅಕ್ಕಾ, ಕಾರ್ಬನ್ ಖತಂ ಆಗ್ಯದ. ಮೋಟರ್ ಛಲೋ ಅದ." ಎರಡು ಹೊಸ ಕಾರ್ಬನ್, ಕೂಲಿ ಎಲ್ಲ ಸೇರಿ 120 ರೂಪಾಯಿ. ಆ ಮಿಕ್ಸಿ ಇವತ್ತಿಗೂ ನಮ್ಮ ಅಡುಗೆಮನೆಯಲ್ಲಿ ಓಡುತ್ತಿದೆ.

ಆಗಿನಿಂದ ನಾನು ಈ ವಿಷಯದ ಹಿಂದೆ ಬಿದ್ದೆ. ಕೇಳಿ, ನೋಡಿ, ಬಿಚ್ಚಿ ಕಲಿತೆ. ಯಾವ ದಾರಿ ಒಳ್ಳೇದು ಅನ್ನುವುದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಯಾವ ಭಾಗ ಕೆಟ್ಟಿದೆ ಅನ್ನುವುದರ ಮೇಲೆ ಅದು ನಿಂತಿದೆ. ಅದನ್ನು ತಿಳಿಯದೆ ಅಂಗಡಿಗೆ ಹೋದರೆ ಅಲ್ಲಿ ಹೇಳಿದ್ದೇ ಖರೆ ಆಗುತ್ತದೆ.

ಮೊದಲು: ಜಾರ್ ಕೆಟ್ಟಿದೆಯೋ, ಮಷೀನ್ ಕೆಟ್ಟಿದೆಯೋ?

ಪ್ಲಗ್ ಕಿತ್ತು ಜಾರ್ ತೆಗೆಯಿರಿ. ಜಾರನ್ನು ಬೋರಲು ಹಾಕಿ ಅದರ ತಳದ ಕಪ್ಲರ್ ಅನ್ನು (ಮಷೀನಿಗೂ ಜಾರಿಗೂ ಕೊಂಡಿಯಾಗುವ ಹಲ್ಲಿನ ಚಕ್ರ) ಬೆರಳಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ, ಕರಕರ ಅಂದರೆ, ತೊಂದರೆ ಜಾರಿನಲ್ಲಿದೆ. ಈಗ ಜಾರ್ ಇಲ್ಲದೆ ಮಷೀನಿನ ಮೇಲಿನ ಕಪ್ಲರ್ ಅನ್ನೂ ಹಾಗೇ ತಿರುಗಿಸಿ ನೋಡಿ. ಅದು ಆರಾಮಾಗಿ ತಿರುಗಿದರೆ ಪ್ಲಗ್ ಹಾಕಿ, ಬರೀ ಮಷೀನನ್ನು ಎರಡು ಸೆಕೆಂಡ್ ಓಡಿಸಿ. ಕೆಲವು ಮಿಕ್ಸಿ ಜಾರ್ ಕೂಡಿಸದೆ ಓಡುವುದಿಲ್ಲ, ಅಂಥದ್ದಕ್ಕೆ ಬೇರೆ ಜಾರ್ ಹಾಕಿ ನೋಡಿ. ಮೋಟರ್ ಚೆನ್ನಾಗಿ ಓಡಿದರೆ ನಿಮ್ಮ ಮಷೀನಿಗೆ ಏನೂ ಆಗಿಲ್ಲ.

ಇದು ಇಷ್ಟು ಸಣ್ಣ ಮಾತು, ಆದರೂ ಇದರಿಂದ ಉಳಿಯುವ ದುಡ್ಡು ಜಾಸ್ತಿ. ಆಳಂದ, ಜೇವರ್ಗಿ, ಚಿಂಚೋಳಿ ಕಡೆಯಿಂದ ಬಸ್ಸಿನಲ್ಲಿ ಮಿಕ್ಸಿ ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ಬರುವವರನ್ನು ಅಂಗಡಿಯಲ್ಲಿ ನೋಡಿದ್ದೇನೆ. ಜಾರ್ ಭಾರ ಅಂತ ಮನೆಯಲ್ಲೇ ಬಿಟ್ಟು ಮಷೀನ್ ಅಷ್ಟೇ ತಂದಿರುತ್ತಾರೆ. ಇಲ್ಲಿ ಮಷೀನ್ ಚೆನ್ನಾಗಿ ಓಡುತ್ತದೆ. ಕೆಟ್ಟ ಜಾರ್ ಊರಲ್ಲೇ ಇರುತ್ತದೆ. ಹೋಗಿ ಬರುವ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಯಿತು. ದಯವಿಟ್ಟು ಜಾರ್, ಮುಚ್ಚಳ ಎಲ್ಲ ತನ್ನಿ.

ಮಷೀನಿನಿಂದ ಸದ್ದೇ ಬರುತ್ತಿಲ್ಲ ಅಂದರೆ ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟ್ ಇದೆಯಾ ನೋಡಿ. ಆಮೇಲೆ ಮಿಕ್ಸಿಯನ್ನು ಮಗುಚಿ ತಳ ನೋಡಿ. ಬಹಳ ಮಿಕ್ಸಿಗಳಲ್ಲಿ ಅಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ, ಹೆಚ್ಚಾಗಿ ಕೆಂಪು ಬಣ್ಣದ್ದು. ಅದು ಓವರ್‌ಲೋಡ್ ಸ್ವಿಚ್. ಮೋಟರಿನ ಮೇಲೆ ಭಾರ ಜಾಸ್ತಿಯಾದಾಗ ಅದು ತಾನೇ ಹೊರಗೆ ಜಿಗಿದು ಕರೆಂಟ್ ಕಡಿಯುತ್ತದೆ, ಮೋಟರ್ ಸುಡದಂತೆ ಕಾಯುತ್ತದೆ. ಅರ್ಧ ಗಂಟೆ ಆರಲು ಬಿಟ್ಟು, ಜಾರಿನಲ್ಲಿದ್ದುದನ್ನು ಅರ್ಧ ಮಾಡಿ, ಗುಂಡಿ ಒತ್ತಿ ಓಡಿಸಿ. ಇದಕ್ಕೆ ಯಾವ ಅಂಗಡಿಯೂ ಬೇಡ. ಆದರೆ ದಿನಾ ಜಿಗಿಯುತ್ತಿದ್ದರೆ ಒಳಗೆ ಏನೋ ಆಗಿದೆ ಅಂತ ಅರ್ಥ. ಮತ್ತೆ ಮತ್ತೆ ಒತ್ತುತ್ತಾ ಹೋಗಬೇಡಿ.

ಜಾರಿನ ಕೆಲಸ: ಎಷ್ಟು ಮನೆಯಲ್ಲಿ, ಎಷ್ಟು ಅಂಗಡಿಯಲ್ಲಿ?

ನಮ್ಮ ಕಡೆ ಜಾರ್ ಬೇಗ ಹಾಳಾಗುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ, ಬೆಳ್ಳುಳ್ಳಿ ಖಾರ, ರೊಟ್ಟಿ ಜೊತೆ ನಾವು ತಿನ್ನುವುದೆಲ್ಲ ಒಣ ಪುಡಿ. ಆ ಪುಡಿ, ಕಾಳಿನ ಎಣ್ಣೆ, ಉಪ್ಪು ಎಲ್ಲ ಬ್ಲೇಡಿನ ಬುಡದ ಬುಷ್ (ಬ್ಲೇಡಿನ ಕಡ್ಡಿ ಕೂತು ತಿರುಗುವ ಸಣ್ಣ ಕೊಳವೆ) ಒಳಗೆ ಇಳಿದು ಗಟ್ಟಿಯಾಗುತ್ತವೆ. ತೊಳೆದು ನೀರು ಬಸಿಯದೆ ಇಟ್ಟರೆ ತುಕ್ಕೂ ಸೇರುತ್ತದೆ.

ಬ್ಲೇಡ್ ಬಿಗಿಯಾಗಿದೆ, ಅಷ್ಟೇ ಅಂದರೆ ಮನೆಯಲ್ಲೇ ಮಾಡಿ. ಜಾರಿನಲ್ಲಿ ಬ್ಲೇಡ್ ಮುಳುಗುವಷ್ಟು ಬಿಸಿನೀರು ಹಾಕಿ, ಸ್ವಲ್ಪ ಪಾತ್ರೆ ತೊಳೆಯುವ ಸೋಪು ಬೆರೆಸಿ ಒಂದು ಗಂಟೆ ಬಿಡಿ. ನೀರು ಚೆಲ್ಲಿ, ಬೋರಲು ಹಾಕಿ, ಕಪ್ಲರ್ ಅನ್ನು ಕೈಯಿಂದ ಆ ಕಡೆ ಈ ಕಡೆ ಆಡಿಸಿ. ಸಡಿಲವಾದ ಮೇಲೆ ಕಪ್ಲರ್ ಬುಡಕ್ಕೆ ಎರಡು ಹನಿ ಅಡುಗೆ ಎಣ್ಣೆ ಬಿಡಿ. ಹೊಲಿಗೆ ಮಷೀನಿನ ಎಣ್ಣೆ ಹಾಕಬೇಡಿ, ಅದು ಊಟಕ್ಕೆ ಇಳಿಯುತ್ತದೆ.

ತಳದಿಂದ ಸೋರುತ್ತಿದ್ದರೆ ಮಾತು ಬೇರೆ. ನಿಮ್ಮ ಜಾರನ್ನು ಒಂದು ಬಿಳಿ ಬಟ್ಟೆಯ ಮೇಲೆ ನೀರು ತುಂಬಿ ರಾತ್ರಿ ಇಟ್ಟು ನೋಡಿ. ಬೆಳಿಗ್ಗೆ ಬಟ್ಟೆಯ ಮೇಲೆ ಉಂಗುರದ ಹಾಗೆ ಕರಿ ಕಲೆ ಬಿದ್ದಿದ್ದರೆ ಬುಷ್ ಸವೆದಿದೆ, ಒಳಗಿನ ರಬ್ಬರ್ ಹೋಗಿದೆ. ಆ ಕರಿ ನೀರಿನಲ್ಲಿ ಸವೆದ ಲೋಹ, ಹಳೇ ಗ್ರೀಸು ಇರುತ್ತವೆ. ಚಟ್ನಿಯಲ್ಲಿ ಕಪ್ಪು ಎಳೆ ಕಂಡರೆ ಆ ಚಟ್ನಿ ತಿನ್ನಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ಜೊತೆಗೆ ಸೋರಿದ ನೀರು ನೇರ ಮೋಟರಿನ ಮೇಲೆ ಬೀಳುತ್ತದೆ. ಸಣ್ಣ ರಬ್ಬರ್ ಅಂತ ಬಿಟ್ಟರೆ ದೊಡ್ಡ ಮೋಟರ್ ಹೋಗುತ್ತದೆ. ಬುಷ್ ಹಾಕಿಸುವುದು ಅಂಗಡಿಯ ಕೆಲಸ. ಅದನ್ನು ನೇರ ಕೂಡಿಸಲು ಕೈ ಪಳಗಿರಬೇಕು, ಸ್ವಲ್ಪ ಓರೆಯಾದರೂ ಬ್ಲೇಡ್ ಜಾರಿನ ಗೋಡೆಗೆ ಬಡಿಯುತ್ತದೆ. ಒಂದು ಜಾರಿಗೆ ಬ್ಲೇಡ್, ಬುಷ್ ಎರಡೂ ಹಾಕಿಸಿದಾಗ ನನಗೆ ಹತ್ತಿರ ಹತ್ತಿರ 200 ರೂಪಾಯಿ ಆಯಿತು. ಸ್ಟೀಲ್ ತೆಳ್ಳಗಾಗಿ ತಳದ ಸುತ್ತ ಬಿರುಕು ಬಿಟ್ಟಿದ್ದರೆ ಮಾತ್ರ ಹೊಸ ಜಾರ್ ತೆಗೆದುಕೊಳ್ಳಿ.

ಮುಚ್ಚಳದ ರಬ್ಬರ್ ಮನೆಯಲ್ಲೇ ಬದಲಿಸಿ. ಹಳೇದನ್ನು ಕೈಯಲ್ಲಿ ಒಯ್ದು ಅಳತೆ ಹೊಂದಿಸಿ ತಂದರೆ ಸಾಕು.

ಮೋಟರ್ ಓಡುತ್ತದೆ, ಬ್ಲೇಡ್ ಮಾತ್ರ ತಿರುಗುವುದಿಲ್ಲ ಅಥವಾ ಟರ್ರ್ ಅಂತ ಸದ್ದು, ರಬ್ಬರ್ ಸುಟ್ಟ ವಾಸನೆ. ಇದು ಕಪ್ಲರ್. ಹಲ್ಲು ಸವೆದು ಉರುಟಾಗಿರುತ್ತದೆ. ಇದನ್ನೂ ಮನೆಯಲ್ಲಿ ಬದಲಿಸಬಹುದು, ಆದರೆ ತಿರುವುವ ದಿಕ್ಕು ತಿಳಿದಿರಬೇಕು. ಮಷೀನಿನ ಮೇಲಿನ ಕಪ್ಲರ್ ಮರೆ (ಸ್ಕ್ರೂವಿಗೆ ಇರುವಂಥ ಸುತ್ತುಗೀರು) ಇರುವಂಥದ್ದಾದರೆ, ಮಿಕ್ಸಿ ಓಡುವಾಗ ಯಾವ ದಿಕ್ಕಿಗೆ ತಿರುಗುತ್ತದೋ ಅದೇ ದಿಕ್ಕಿಗೆ ತಿರುವಿದರೆ ಬಿಚ್ಚುತ್ತದೆ. ಜಾರಿನ ತಳದ್ದು ಅದರ ಉಲ್ಟಾ. ಓಡುವಾಗ ತಾನೇ ಸಡಿಲವಾಗಬಾರದು ಅಂತ ಹಾಗೆ ಮಾಡಿರುತ್ತಾರೆ. ಇದನ್ನು ತಿಳಿಯದೆ ಬಲ ಹಾಕಿ ತಿರುವಿ ಮರೆ ಕಿತ್ತವರು ಬಹಳ ಮಂದಿ. ಮಷೀನಿನ ಕಪ್ಲರ್ ಬಿಚ್ಚುವಾಗ ಒಳಗಿನ ಶಾಫ್ಟ್ ಕೂಡ ತಿರುಗುತ್ತಿರುತ್ತದೆ. ಕೆಲವು ಮಿಕ್ಸಿಗಳಲ್ಲಿ ಶಾಫ್ಟಿನ ಕೆಳತುದಿಯಲ್ಲಿ ಗೀರು ಇರುತ್ತದೆ. ತಳದಿಂದ ಸ್ಕ್ರೂ ಡ್ರೈವರ್ ಇಟ್ಟು ಅದನ್ನು ಹಿಡಿದರೆ ಮೇಲಿನದು ಬರುತ್ತದೆ. ಹಿಡಿಯಲು ಆಗದಿದ್ದರೆ ಅಂಗಡಿಗೆ ಕೊಡಿ, ಹತ್ತು ನಿಮಿಷದ ಕೆಲಸ.

ಮಷೀನಿನ ಕೆಲಸ: ಅಂಗಡಿಯೋ, ಸರ್ವಿಸ್ ಸೆಂಟರೋ?

ಇಲ್ಲಿಂದ ಮುಂದೆ ಒಳಗಿನ ಮಾತು. ಮಿಕ್ಸಿಯ ಮೋಟರಿನ ಒಳಗೆ ಗರಗರ ತಿರುಗುವ ಭಾಗವೇ ಆರ್ಮೇಚರ್. ಅದರ ತುದಿಯಲ್ಲಿ ತಾಮ್ರದ ಪಟ್ಟಿಗಳ ಒಂದು ಉಂಗುರ ಇದೆ. ಎರಡು ಕಡೆಯಿಂದ ಎರಡು ಕಾರ್ಬನ್ ತುಂಡುಗಳು ಸ್ಪ್ರಿಂಗಿನ ಒತ್ತಿಗೆ ಆ ಉಂಗುರವನ್ನು ಉಜ್ಜುತ್ತಾ ಕರೆಂಟ್ ಕೊಡುತ್ತವೆ. ಭಾರ ಇಲ್ಲದಾಗ ಮೋಟರ್ ನಿಮಿಷಕ್ಕೆ 18,000 ಸುತ್ತಿನ ಆಸುಪಾಸು ತಿರುಗುತ್ತದೆ. ಅಷ್ಟು ಉಜ್ಜಿದರೆ ಕಾರ್ಬನ್ ಸವೆಯಲೇಬೇಕು ಅಲ್ವಾ? ಬರೆದಂತೆಲ್ಲ ಸೀಸದಕಡ್ಡಿ ಮುಗಿಯುವ ಹಾಗೆ. ಕಾಲು ಇಂಚಿಗಿಂತ ಕಡಿಮೆ ಉಳಿದರೆ ಬದಲಿಸುವ ಹೊತ್ತಾಯಿತು.

ಕಾರ್ಬನ್ ಸವೆದ ಮಿಕ್ಸಿ ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ತಟ್ಟಿದರೆ ಓಡುತ್ತದೆ. ತಳದ ಸಂದಿಯಲ್ಲಿ ಕಿಡಿ ಜಾಸ್ತಿ ಕಾಣುತ್ತದೆ. ಸಣ್ಣ ನೀಲಿ ಕಿಡಿ ಇದ್ದದ್ದೇ, ಹೆದರಬೇಡಿ. ಕಿತ್ತಳೆ ಬಣ್ಣದ ಬೆಂಕಿ ಉಂಗುರದ ಸುತ್ತ ಓಡುತ್ತಿದ್ದರೆ, ವಾರ್ನಿಷ್ ಸುಟ್ಟ ಘಾಟು ಬಂದರೆ, ಅದು ಆರ್ಮೇಚರ್ ಕಡೆಯ ಸುದ್ದಿ. ಗುಂಡಿಯ ಒಂದೇ ಸ್ಪೀಡ್ ಹೋಗಿ ಉಳಿದೆರಡು ಸರಿ ಇದ್ದರೆ ಹೆಚ್ಚಾಗಿ ಸ್ವಿಚ್ ಅಥವಾ ಅದರ ವೈರ್.

ವಾರಂಟಿ ಇದ್ದರೆ ಯೋಚನೆಯೇ ಬೇಡ, ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಿರಿ. ಹೊರಗಿನವರು ಒಂದು ಸ್ಕ್ರೂ ಬಿಚ್ಚಿದರೂ ವಾರಂಟಿ ಹೋಗುತ್ತದೆ. ಎಷ್ಟೋ ಕಂಪನಿಗಳು ಇಡೀ ಮಿಕ್ಸಿಗೆ 2 ವರ್ಷ, ಮೋಟರಿಗೆ 5 ವರ್ಷ ಅಂತ ಕೊಡುತ್ತವೆ. ನಮ್ಮ ಜನ ಎರಡು ವರ್ಷ ಆದ ತಕ್ಷಣ ಕಾರ್ಡು ಬಿಸಾಡುತ್ತಾರೆ. ಬಿಸಾಡಬೇಡಿ, ಬಿಲ್ಲಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಆ ಬಿಲ್ಲಿನ ಶಾಯಿ ಬೇಗ ಅಳಿಸಿ ಹೋಗುತ್ತದೆ. ಜಾರ್, ಕಪ್ಲರ್, ರಬ್ಬರ್‌ಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ವಾರಂಟಿ ಮುಗಿದಿದ್ದರೆ ನನ್ನ ಮತ ಅಂಗಡಿಗೆ. ಸರ್ವಿಸ್ ಸೆಂಟರಿನಲ್ಲಿ ಅಸಲಿ ಸಾಮಾನು ಸಿಗುತ್ತದೆ, ಬಿಲ್ ಕೊಡುತ್ತಾರೆ, ಮಾಡಿದ ಕೆಲಸಕ್ಕೂ ಕೆಲವು ದಿನದ ಗ್ಯಾರಂಟಿ ಇರುತ್ತದೆ. ಇದು ಸಣ್ಣ ಲಾಭ ಅಲ್ಲ. ಆದರೆ ಅಲ್ಲಿ ಸಾಮಾನು ತರಿಸುವುದಕ್ಕೆ ದಿನ ಹಿಡಿಯಬಹುದು, ಸಣ್ಣ ಭಾಗ ಹೋದರೂ ಇಡೀ ಜೋಡಣೆ ಬದಲಿಸುವುದುಂಟು. ಅಂಗಡಿಯ ಮೇಸ್ತ್ರಿ ಸವೆದ ಒಂದನ್ನೇ ತೆಗೆದು ಒಂದನ್ನೇ ಹಾಕುತ್ತಾರೆ. ನೀವು ಎದುರಿಗೆ ನಿಂತು ನೋಡಬಹುದು, ಕೇಳಬಹುದು. ನನಗೆ ಇದೇ ದೊಡ್ಡದು. ಕಣ್ಣೆದುರು ಬಿಚ್ಚುವವರ ಹತ್ತಿರವೇ ಹೋಗಿ. "ಬಿಟ್ಟು ಹೋಗ್ರಿ, ಸಂಜೀಕ ಬರ್ರಿ" ಅಂದರೆ, "ಬಿಚ್ಚಿ ತೋರಿಸ್ರಿ, ಆಮ್ಯಾಗ ಬಿಟ್ಟು ಹೋಗ್ತೀನಿ" ಅಂತ ನಯವಾಗಿ ಹೇಳಿ. ಒಳ್ಳೆಯ ಮೇಸ್ತ್ರಿ ಬೇಜಾರು ಮಾಡಿಕೊಳ್ಳುವುದಿಲ್ಲ. ತೆಗೆದ ಹಳೇ ಸಾಮಾನನ್ನು ಕೇಳಿ ತೆಗೆದುಕೊಳ್ಳಿ.

ಕಾರ್ಬನ್ ಹಾಕಿಸುವಾಗ ಎರಡೂ ಕಡೆಯದನ್ನು ಒಟ್ಟಿಗೆ ಹಾಕಿಸಿ. ಒಂದು ಹಳೇದು ಒಂದು ಹೊಸದು ಬೇಡ. ಆ ತಾಮ್ರದ ಉಂಗುರ ಕಪ್ಪಾಗಿದ್ದರೆ ನಯವಾದ ಮರಳು ಕಾಗದದಿಂದ ಉಜ್ಜಿಸಿ, ಪಟ್ಟಿಗಳ ನಡುವಿನ ಸಂದಿಯ ಪುಡಿ ತೆಗೆಸಿ. ಮೊದಲ ಕೆಲವು ನಿಮಿಷ ಭಾರ ಇಲ್ಲದೆ ಮೆಲ್ಲಗೆ ಓಡಿಸಿದರೆ ಹೊಸ ಕಾರ್ಬನ್ ಉಂಗುರದ ಆಕಾರಕ್ಕೆ ಕೂಡುತ್ತದೆ.

ಆರ್ಮೇಚರ್ ನಿಜವಾಗಿ ಸುಟ್ಟಿದ್ದರೆ ಎರಡು ದಾರಿ ಹೇಳುತ್ತಾರೆ, ರೀವೈಂಡಿಂಗ್ (ಸುಟ್ಟ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದು) ಅಥವಾ ಹೊಸ ಆರ್ಮೇಚರ್. ನೀರಿನ ಪಂಪಿಗೆ ರೀವೈಂಡಿಂಗ್ ಸರಿ. ಮಿಕ್ಸಿಯ ಆರ್ಮೇಚರ್‌ಗೆ ನಾನು ಬೇಡ ಅನ್ನುತ್ತೇನೆ. ಅಷ್ಟು ಜೋರಾಗಿ ತಿರುಗುವುದು ಕೂದಲೆಳೆಯಷ್ಟು ತೂಕ ತಪ್ಪಿದರೂ ನಡುಗುತ್ತದೆ. ನಡುಗಿದರೆ ಮೋಟರಿನ ಬುಷ್ ಸವೆಯುತ್ತದೆ, ಕಾರ್ಬನ್ ಒಡೆಯುತ್ತದೆ, ಮತ್ತೆ ಅದೇ ಅಂಗಡಿ. ತಯಾರಾಗಿ ಬಂದ ಹೊಸ ಆರ್ಮೇಚರ್ ಹಾಕಿಸಿ. ಅದರ ಅಕ್ಕಪಕ್ಕ ಕೂತಿರುವ ತಂತಿ ಸುರುಳಿ, ಅಂದರೆ ಫೀಲ್ಡ್ ಕಾಯಿಲ್, ಮಾತ್ರ ಸುಟ್ಟಿದ್ದರೆ ರೀವೈಂಡಿಂಗ್ ಆಗಬಹುದು, ಅದು ತಿರುಗುವುದಿಲ್ಲ.

ಹೊಸದು ಯಾವಾಗ?

ರಿಪೇರಿಯ ಖರ್ಚು ಅಂಥದ್ದೇ ಹೊಸ ಮಿಕ್ಸಿಯ ಬೆಲೆಯ ಅರ್ಧ ದಾಟಿದರೆ, ಜೊತೆಗೆ ಜಾರುಗಳೂ ಸವೆದಿದ್ದರೆ, ಹೊಸದು ತನ್ನಿ. ಬಾಡಿ ಬಿರುಕು ಬಿಟ್ಟು ಕರೆಂಟ್ ಹೊಡೆಯುತ್ತಿದ್ದರೆ ಲೆಕ್ಕ ಹಾಕುತ್ತಾ ಕೂರಬೇಡಿ, ಆವತ್ತೇ ಪ್ಲಗ್ ಕಿತ್ತಿಡಿ. ಇವೆರಡೂ ಇಲ್ಲದಿದ್ದರೆ ಹಳೇ ಮಷೀನಿಗೆ ಇನ್ನೊಂದು ಅವಕಾಶ ಕೊಡಿ.

ಕೊಳ್ಳುವಾಗ ನಿಮ್ಮ ಅಡುಗೆ ನೋಡಿ ಕೊಳ್ಳಿ. ತೆಂಗಿನಕಾಯಿ ಚಟ್ನಿ, ಹಣ್ಣಿನ ರಸ ಅಷ್ಟೇ ಅಂದರೆ 500 ವ್ಯಾಟ್ ಸಾಕು. ವಾರಕ್ಕೊಮ್ಮೆ ಶೇಂಗಾ, ಅಗಸಿ, ಗುರೆಳ್ಳು ಪುಡಿ ಮಾಡುವ ಮನೆಗೆ 750 ವ್ಯಾಟ್ ಬೇಕು. ತಾಮ್ರದ ವೈಂಡಿಂಗ್ ಇದೆಯಾ ಕೇಳಿ, ಐಎಸ್‌ಐ ಗುರುತು ನೋಡಿ. ಇನ್ನೊಂದು ಮಾತು ಕಡ್ಡಾಯ: ಈ ಮಾಡೆಲ್‌ನ ಕಪ್ಲರ್, ಜಾರ್ ಕಲಬುರಗಿಯಲ್ಲೇ ಸಿಗುತ್ತದಾ ಅಂತ ರಿಪೇರಿ ಅಂಗಡಿಯವರನ್ನು ಮೊದಲು ಕೇಳಿ, ಆಮೇಲೆ ಶೋರೂಮಿಗೆ ಹೋಗಿ. ಆನ್‌ಲೈನಿನಲ್ಲಿ ಕಡಿಮೆಗೆ ಸಿಕ್ಕ ಹೆಸರಿಲ್ಲದ ಮಿಕ್ಸಿಗೆ ಒಂದು ಕಪ್ಲರ್ ಸಿಗದೆ ಮೂಲೆ ಸೇರಿದ್ದನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ.

ನಮ್ಮ ದೇಶದ ಮಿಕ್ಸಿಯ ಕಥೆ ಶುರುವಾದದ್ದೂ ಒಂದು ಸುಟ್ಟ ಮೋಟರಿನಿಂದ. ಮುಂಬೈಯಲ್ಲಿದ್ದ ಎಂಜಿನಿಯರ್ ಸತ್ಯ ಪ್ರಕಾಶ್ ಮಾಥುರ್ ಅವರ ಮನೆಯ ವಿದೇಶಿ ಮಿಕ್ಸರ್ ನಮ್ಮ ಗಟ್ಟಿ ರುಬ್ಬುವಿಕೆಗೆ ತಡೆಯಲಿಲ್ಲ. ಅವರು ನಮ್ಮ ಅಡುಗೆಗೆ ತಕ್ಕ ಗಟ್ಟಿ ಮೋಟರಿನ ಮಷೀನ್ ಮಾಡಿದರು. ಆ ಸುಮೀತ್ ಮಿಕ್ಸಿಯೇ ಮುಂದೆ ಮನೆಮನೆಗೆ ಬಂತು. ಬೇರೆಯವರ ಅಡುಗೆಗೆ ಮಾಡಿದ ಮಷೀನಿನಲ್ಲಿ ನಮ್ಮ ಹಿಂಡಿ ಪುಡಿ ಮಾಡಿದರೆ ಇವತ್ತೂ ಅದೇ ಆಗುತ್ತದೆ.

ಗಟ್ಟಿ ಮಷೀನಿಗೂ ಮಿತಿ ಇದೆ. ಅದರ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ನಿಲ್ಲಿಸಬೇಕು ಅಂತ ಬರೆದಿರುತ್ತದೆ, ಒಮ್ಮೆ ಓದಿ. ಒಣ ಪುಡಿಗೆ ನಾನು ಅರ್ಧ ನಿಮಿಷ ಓಡಿಸಿ ನಿಲ್ಲಿಸುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ದಾಟಿದಾಗ ಅಡುಗೆಮನೆಯ ಗಾಳಿಯೇ ಬಿಸಿ, ಮೋಟರ್ ಆರುವುದು ನಿಧಾನ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಮಾಡಿಕೊಳ್ಳಿ. ಸದ್ದು ಕಡಿಮೆಯಾಗಲಿ ಅಂತ ಮಿಕ್ಸಿ ಕೆಳಗೆ ಬಟ್ಟೆ ಮಡಚಿ ಇಡುವವರಿದ್ದಾರೆ, ನಾನೂ ಇಡುತ್ತಿದ್ದೆ. ಗಾಳಿ ಆಡುವ ಸಂದಿಗಳು ತಳದಲ್ಲೇ ಇರುತ್ತವೆ, ಬಟ್ಟೆ ಅದನ್ನು ಮುಚ್ಚುತ್ತದೆ. ಬೆಲ್ಲವನ್ನು ಶೇಂಗಾದ ಜೊತೆ ಹಾಕಬೇಡಿ. ಬೇರೆಯಾಗಿ ಹೆರೆದು ಕೊನೆಗೆ ಕೈಯಲ್ಲಿ ಕಲಸಿ. ಬಿಸಿಗೆ ಬೆಲ್ಲ ಕರಗಿ ಬ್ಲೇಡಿಗೆ ಅಂಟಿದರೆ ಮೋಟರ್ ಸಿಕ್ಕಿಕೊಳ್ಳುತ್ತದೆ. ತಿರುಗದೆ ನಿಂತ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಅದರ ಫ್ಯಾನೂ ನಿಂತಿರುತ್ತದೆ. ಸುಡುವುದು ಆಗಲೇ. ವರ್ಷದ ಖಾರ ಕುಟ್ಟುವುದಿದ್ದರೆ ಗಿರಣಿಗೇ ಕಳಿಸಿ.

ಬಿಲ್ ಜಾಸ್ತಿ ಹೇಳಿದರೆ

ವಾರಂಟಿ ಇದ್ದೂ ಮಾಡಿಕೊಡದಿದ್ದರೆ, ಮಾಡದ ಕೆಲಸಕ್ಕೆ ದುಡ್ಡು ತೆಗೆದುಕೊಂಡರೆ ಸುಮ್ನೆ ಬಿಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದು ಉಚಿತ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿಯ ಹಕ್ಕಿಗಾಗಿಯೇ 'ರೈಟ್ ಟು ರಿಪೇರ್' ಅನ್ನುವ ಪೋರ್ಟಲ್ ಶುರು ಮಾಡಿದೆ. ಕಂಪನಿಗಳು ತಮ್ಮ ರಿಪೇರಿ, ಬಿಡಿಭಾಗ, ವಾರಂಟಿಯ ಮಾಹಿತಿಯನ್ನು ಜನರಿಗೆ ಕೊಡಲಿ ಅನ್ನುವುದು ಅದರ ಉದ್ದೇಶ. ಲಿಖಿತ ಬಿಲ್ ಇದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, ಅದಕ್ಕೇ ಬಿಲ್ ಕೇಳಿ ಪಡೆಯಿರಿ.

ಇನ್ನು ಮಿಕ್ಸಿ ವಾಪಸ್ ತೆಗೆದುಕೊಳ್ಳುವ ದಿನ. ಅಂಗಡಿಯವರು ಖಾಲಿ ಜಾರ್ ಇಟ್ಟು ಭರ್ರ್ ಅಂತ ಓಡಿಸಿ ತೋರಿಸುತ್ತಾರೆ. ಖಾಲಿ ಜಾರಿನಲ್ಲಿ ಕೆಟ್ಟ ಮಿಕ್ಸಿಯೂ ಎಷ್ಟೋ ಸಲ ಓಡುತ್ತದೆ. ಹೋಗುವಾಗ ಚೀಲದಲ್ಲಿ ಎರಡು ಹಿಡಿ ಹುರಿದ ಶೇಂಗಾ ಒಯ್ಯಿರಿ. ಅಲ್ಲೇ ಹಾಕಿಸಿ, ಮೂರೂ ಸ್ಪೀಡಿನಲ್ಲಿ ತಿರುಗಿಸಲು ಹೇಳಿ, ತಳದ ಮೇಲೆ ಕೈ ಇಟ್ಟು ನಡುಕ ನೋಡಿ, ವಾಸನೆ ನೋಡಿ. ಪುಡಿ ನುಣ್ಣಗೆ ಬಂದರೆ ದುಡ್ಡು ಕೊಡಿ. ನಾನು ಹೋದಾಗ ಆ ಪುಡಿಯಲ್ಲಿ ಅರ್ಧ ಭಾಯಿಯ ಮಕ್ಕಳಿಗೆ ಕಟ್ಟಿ ಕೊಟ್ಟು ಬರುತ್ತೇನೆ.